ನಮ್ಮ ನಂತರವೂ ನಡೆಯುವ ದಾಸೋಹ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ಶಿವಗಂಗೆಯ ಬೆಟ್ಟಕ್ಕೆ ಸಮೀಪದಲ್ಲಿ ದಾಬಸ್‌ಪೇಟೆ ಇದೆ. ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಈ ಊರಿಗೆ ಶಾಶ್ವತವಾಗಿ ನಿಂತಿದೆ. ಆದರೆ ಈ ಸೀಮೆಯ ದಾರಿಗಳಲ್ಲಿ ಅರವಟ್ಟಿಗೆ ಇಟ್ಟವರ, ಕಟ್ಟೆ ಕಟ್ಟಿಸಿದವರ, ಗುಂಡುತೋಪು ನೆಟ್ಟವರ ಹೆಸರುಗಳು ಬಹುಪಾಲು ಮರೆತುಹೋಗಿವೆ. ಹೆಸರು ಉಳಿಯದಿದ್ದರೆ ಚಿಂತೆಯಿಲ್ಲ. ಶರಣರು ಹೆಸರಿಗಾಗಿ ದಾಸೋಹ ಮಾಡಿದವರಲ್ಲ. ಎಷ್ಟೋ ಕಡೆ ಆ ಕಟ್ಟೆ, ತೋಪುಗಳೂ ಉಳಿದಿಲ್ಲವೆಂಬುದೇ ಚಿಂತೆಯ ಸಂಗತಿ. ನೆಟ್ಟವರ ತರುವಾಯ ನೋಡಿಕೊಳ್ಳುವ ಹೊಣೆ ಇಂಥವರದೆಂದು ಗೊತ್ತುಮಾಡದಿದ್ದರೆ ಒಳ್ಳೆಯ ದಾನವೂ ಅನಾಥವಾಗುತ್ತದೆ.

ಹೀಗಾಗದಂತೆ ನೋಡಿಕೊಂಡ ಮಹನೀಯರೊಬ್ಬರು ನಮ್ಮ ನೆರೆಯವರೇ. ಗುಬ್ಬಿಯಲ್ಲಿ 1838ರಲ್ಲಿ ಜನಿಸಿದ ತೋಟದಪ್ಪನವರು ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಸಂಪತ್ತು ಗಳಿಸಿದರು. ರೈಲ್ವೆ ನಿಲ್ದಾಣದ ಎದುರಿನಲ್ಲಿ ಪರಸ್ಥಳದಿಂದ ಬಂದವರಿಗೆ ಧರ್ಮಛತ್ರ ಕಟ್ಟಿಸಿದರು. ಓದಲು ಬಂದ ಮಕ್ಕಳಿಗೆ ಉಚಿತ ವಿದ್ಯಾರ್ಥಿನಿಲಯಕ್ಕೆ ದಾರಿ ಮಾಡಿದರು. ಅಷ್ಟಕ್ಕೇ ನಿಲ್ಲದೆ, ಆಸ್ತಿಯನ್ನು ಧರ್ಮಸಂಸ್ಥೆಗೆ ವಹಿಸಿ, ಕೆ. ಪಿ. ಪುಟ್ಟಣ್ಣಚೆಟ್ಟರಂತಹ ಗಣ್ಯರ ಆಡಳಿತಕ್ಕೆ ಒಪ್ಪಿಸಿದರು. ಅವರು 1910ರಲ್ಲಿ ಲಿಂಗೈಕ್ಯರಾದರು, ಧರ್ಮಕಾರ್ಯ ನಿಲ್ಲಲಿಲ್ಲ. ಹಳ್ಳಿಯ ಬಡ ಮನೆಗಳಿಂದ ಬಂದು ಆ ನಿಲಯದಲ್ಲಿ ಉಂಡು ಓದಿದವರ ತಲೆಮಾರುಗಳೇ ಆಗಿವೆ.

ಉತ್ತರದಲ್ಲಿ ಶಿರಸಂಗಿ ಲಿಂಗರಾಜ ದೇಸಾಯಿಯವರದೂ ಇಂಥದೇ ದಾರಿ. 1906ರಲ್ಲಿ ಕಣ್ಮರೆಯಾದ ಅವರು ತಮ್ಮ ಸಂಸ್ಥಾನದ ಸಂಪತ್ತು ಸಮಾಜದ ಮಕ್ಕಳ ವಿದ್ಯೆಗೆ ಸಲ್ಲಬೇಕೆಂದು ಮರಣಶಾಸನ ಬರೆದಿಟ್ಟರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ.

ದೇಸಗತಿಯಿದ್ದವರಿಗೆ ಇದೆಲ್ಲ ಸಾಧ್ಯ, ನಮಗೆಲ್ಲಿ ಎನ್ನುವವರುಂಟು. ಆದರೆ ದಾಬಸ್‌ಪೇಟೆ, ಸೋಂಪುರದ ಸುತ್ತ ಕೈಗಾರಿಕೆಗಳು ಬಂದ ಮೇಲೆ ರಾಗಿ ಬೆಳೆಯುತ್ತಿದ್ದ ಹೊಲಗಳು ಹಣವಾಗಿವೆ. ಹೊಲ ಮೊಮ್ಮಕ್ಕಳವರೆಗೆ ಉಳಿಯುತ್ತಿತ್ತು. ಹಣ ಹಾಗೆ ಉಳಿಯದು. ಅದರಲ್ಲೊಂದು ಸಣ್ಣ ಪಾಲು ಊರಿನ ಶಾಲೆಗೋ ವಿದ್ಯಾರ್ಥಿನಿಲಯಕ್ಕೋ ದತ್ತಿಯಾದರೆ, ಮಣ್ಣಿನ ಋಣ ಸ್ವಲ್ಪವಾದರೂ ತೀರೀತು.

ಆದರೆ ದಾನಕ್ಕೆ ಮೊದಲು ಮನೆಯ ನ್ಯಾಯ. ಮಡದಿಯ ಮುಪ್ಪಿಗೆ ಆಸರೆಯಿಲ್ಲದಂತೆ ಮಾಡಿ ಕೊಟ್ಟದ್ದು ದಾಸೋಹವಲ್ಲ. ಒಟ್ಟು ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನಷ್ಟೇ ಉಯಿಲಿನ ಮೂಲಕ ಕೊಡಬಹುದು. 2005ರ ತಿದ್ದುಪಡಿಯಿಂದ ಅಂತಹ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಆದುದರಿಂದ ಸಂಕಲ್ಪವನ್ನು ಮನೆಯವರೆಲ್ಲರ ಮುಂದೆ ಹೇಳುವುದು ಲೇಸು. ತಂದೆಯ ಬಾಯಿಂದಲೇ ಕೇಳಿದ ಮಕ್ಕಳು ಅದನ್ನು ನಡೆಸಿಕೊಡುತ್ತಾರೆ. ತೀರಿದ ಮೇಲೆ ಪೆಟ್ಟಿಗೆಯಲ್ಲಿ ಕಂಡವರು ನ್ಯಾಯಾಲಯದ ಮೆಟ್ಟಿಲೇರಬಹುದು.

ಉಯಿಲಿಗೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ ಕನಿಷ್ಠ ಇಬ್ಬರು ಸಾಕ್ಷಿಗಳ ರುಜು ಅಗತ್ಯ. ನೋಂದಣಿ ಕಡ್ಡಾಯವಲ್ಲ, ಆದರೂ ಹಿತಕರ. ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ವಶದಲ್ಲಿಡಲೂ ಅವಕಾಶವಿದೆ. ಬದುಕಿರುವವರೆಗೆ ಅದನ್ನು ಬದಲಿಸಬಹುದು. ದತ್ತಿ ಪಡೆಯುವ ಸಂಸ್ಥೆಯ ನೋಂದಾಯಿತ ಹೆಸರು, ಹಣದ ಉದ್ದೇಶ, ಆ ಸಂಸ್ಥೆ ಇಲ್ಲವಾದರೆ ಯಾರಿಗೆ ಸಲ್ಲಬೇಕು, ಈ ಮೂರನ್ನೂ ಸ್ಪಷ್ಟವಾಗಿ ಬರೆಯಿಸಬೇಕು. ಸಂಸ್ಥೆಯ ಲೆಕ್ಕಪತ್ರಗಳನ್ನು ಮೊದಲೇ ಕೇಳಿ ನೋಡುವುದು ಅವಿಶ್ವಾಸವಲ್ಲ, ವಿವೇಕ.

ಇನ್ನೊಂದು ಮಾತು. ಹಿಂದೆ ಸಾವಿರ ರೂಪಾಯಿಯ ದತ್ತಿಯಿಟ್ಟರೆ ಬರುತ್ತಿದ್ದ ಬಡ್ಡಿಯಲ್ಲಿ ಒಬ್ಬ ಹುಡುಗನ ಪುಸ್ತಕಗಳೆಲ್ಲ ಬರುತ್ತಿದ್ದವು. ಇಂದು ಅದೇ ಬಡ್ಡಿಗೆ ಒಂದು ನೋಟುಪುಸ್ತಕ ಬಂದರೆ ಹೆಚ್ಚು. ಆದ್ದರಿಂದ ಬಡ್ಡಿಯೆಲ್ಲವನ್ನೂ ವೆಚ್ಚಮಾಡದೆ ಒಂದಂಶವನ್ನು ವರ್ಷವರ್ಷವೂ ಮೂಲಧನಕ್ಕೆ ಸೇರಿಸಬೇಕೆಂಬ ನಿಬಂಧನೆಯಿರಲಿ. ಉದ್ದೇಶವನ್ನು ತೀರ ಬಿಗಿಯಾಗಿಯೂ ಕಟ್ಟಬಾರದು. ಲಾಟೀನಿನ ಎಣ್ಣೆಗೆಂದೇ ಬಿಟ್ಟ ದತ್ತಿ ವಿದ್ಯುತ್ ಬಂದ ಮೇಲೆ ಏನು ಮಾಡೀತು? 'ಮಕ್ಕಳ ಓದಿಗೆ ಬೇಕಾದುದಕ್ಕೆ' ಎಂದರೆ ಕಾಲ ಬದಲಾದರೂ ಸಂಕಲ್ಪ ಕೆಡದು.

ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕೆಂಬುದು ಶರಣರ ಮಾರ್ಗ. ನಾನು ಕೊಟ್ಟೆನೆಂಬ ಭಾವ ಅಲ್ಲಿಲ್ಲ. ಸಮಾಜದಿಂದ ಬಂದುದು ಸಮಾಜಕ್ಕೆ ಮರಳುತ್ತದೆ, ಅಷ್ಟೆ. ಕೊಡುವಾತ ತಾನೇ ಇಲ್ಲದಾಗ ಸಲ್ಲುವ ದತ್ತಿಯಲ್ಲಿ ಹೊಗಳಿಕೆಯ ಆಸೆಗೆ ಎಡೆಯೇ ಇಲ್ಲ. ಈ ಶ್ರಾವಣದೊಳಗೆ ಪ್ರತಿಯೊಂದು ಮನೆಯಲ್ಲೂ ಹಿರಿಯರು ಮಕ್ಕಳನ್ನು ಕೂಡಿಸಿಕೊಂಡು ಈ ಮಾತನ್ನು ಒಮ್ಮೆ ಎತ್ತಲಿ. ಮೊತ್ತ ಚಿಕ್ಕದಾದರೂ ಸರಿ, ಪತ್ರ ಸರಿಯಾಗಿರಲಿ.