ಬೀದಿ ಕೊನೆಯ ಅಂಗಡಿ: ಗ್ರಾಹಕನ ಹಕ್ಕು ಎಲ್ಲಿಯವರೆಗೆ?

ನಗರದ ಯಾವ ಬಡಾವಣೆಗೆ ಹೋದರೂ ಬೀದಿಯ ಕೊನೆಯಲ್ಲೊಂದು ದಿನಸಿ ಅಂಗಡಿ ಇದ್ದೇ ಇರುತ್ತದೆ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ‘ಗ್ರಾಹಕರೇ ದೇವರು’ ಎಂಬ ಫಲಕ. ಅದರ ಪಕ್ಕದಲ್ಲೇ ‘ಇಂದು ನಗದು, ನಾಳೆ ಸಾಲ’ ಎಂಬ ಇನ್ನೊಂದು. ಅಂಗಡಿಯವರಿಗೆ ಹೆಚ್ಚು ನಂಬಿಕೆ ಇರುವುದು ಎರಡನೆಯದರಲ್ಲಿ. ದೇವರಾದರೋ ಕಾಲು ಗಂಟೆ ಕಾದು ನಿಂತು, ಹಾಲಿನ ಪೊಟ್ಟಣಕ್ಕೆ ಮುದ್ರಿತ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ತೆತ್ತು, ಚಿಲ್ಲರೆಯ ಬದಲು ಚಾಕೊಲೇಟ್ ಪಡೆದು, ಪ್ರಶ್ನಿಸಿದರೆ ‘ಬೇಕಾದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ’ ಎಂಬ ಮಾತು ಕೇಳಿಸಿಕೊಂಡು ಮನೆಗೆ ಮರಳುತ್ತಾನೆ.

ಇದರಲ್ಲಿ ಕೇವಲ ಒರಟುತನ ಎಷ್ಟು, ಕಾನೂನುಬಾಹಿರ ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡಬೇಕು. ಒರಟು ಮಾತಿಗೆ ಕಾನೂನಿನಲ್ಲಿ ಹೆಚ್ಚಿನ ಮದ್ದಿಲ್ಲ. ಅಂಗಡಿಯಾತ ಮುಖ ಸಿಂಡರಿಸಿದನೆಂಬ ದೂರನ್ನಷ್ಟೇ ಹೊತ್ತು ಗ್ರಾಹಕರ ಆಯೋಗಕ್ಕೆ ಹೋದವರಿಗೆ ಪರಿಹಾರ ದೊರೆಯುವುದು ಕಷ್ಟ. ಆದರೆ ಆ ಒರಟು ಮಾತು ಬಹಳಷ್ಟು ಸಲ ಬೇರೊಂದು ತಪ್ಪಿಗೆ ಕಾವಲು ನಿಂತಿರುತ್ತದೆ. ಆ ತಪ್ಪಿಗೆ ಮದ್ದುಂಟು.

ಮೊದಲು ಬೆಲೆಯ ವಿಚಾರ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆ, ಅಂದರೆ ಎಂಆರ್‌ಪಿ, ಎಲ್ಲ ತೆರಿಗೆಗಳನ್ನೂ ಒಳಗೊಂಡದ್ದು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ 2011ರಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ ಚಿಲ್ಲರೆ ವ್ಯಾಪಾರಿ ಅದಕ್ಕಿಂತ ಒಂದು ಪೈಸೆ ಹೆಚ್ಚು ಪಡೆಯುವಂತಿಲ್ಲ. ಮುದ್ರಿತ ಬೆಲೆಯನ್ನು ಅಳಿಸುವಂತೆಯೂ ಇಲ್ಲ. ‘ಫ್ರಿಜ್‌ನಲ್ಲಿಟ್ಟಿದ್ದೇವೆ, ಕರೆಂಟ್ ಖರ್ಚು ಇದೆ’ ಎಂಬ ಸಮಜಾಯಿಷಿ ಇಲ್ಲಿ ಸಲ್ಲದು. ಹಾಲಿನ ಮೇಲೆ ಅಂಗಡಿಯವರಿಗೆ ಸಿಗುವ ಕಮಿಷನ್ ಅತ್ಯಲ್ಪವೆಂಬುದು ನಿಜ. ಆದರೆ ಆ ಜಗಳವನ್ನು ಹಾಲು ಕಳುಹಿಸುವವರೊಡನೆ ಆಡಬೇಕೇ ಹೊರತು ಬೆಳಗಿನ ಕಾಫಿಗೆಂದು ಅರ್ಧ ಲೀಟರ್ ಕೊಳ್ಳಲು ಬಂದವರೊಡನೆ ಅಲ್ಲ.

ಹೋಟೆಲುಗಳಲ್ಲಿ ನೀರಿನ ಬಾಟಲಿಗೆ ಹೆಚ್ಚು ಬೆಲೆ ಪಡೆಯುತ್ತಾರಲ್ಲ ಎಂದು ಕೆಲವರು ಕೇಳುವುದುಂಟು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಅವಕಾಶ ನೀಡಿತು. ಹೋಟೆಲಿನಲ್ಲಿ ಗ್ರಾಹಕ ಕೊಳ್ಳುವುದು ಬರಿಯ ನೀರನ್ನಲ್ಲ, ಕುರ್ಚಿ, ಮೇಜು, ಉಪಚಾರಗಳೂ ಅದರೊಡನೆ ಸೇರಿವೆ ಎಂಬುದು ಅಲ್ಲಿನ ತರ್ಕ. ಮೂಲೆಯ ಅಂಗಡಿಯಲ್ಲಿ ಇರುವುದು ಉಪಚಾರವಲ್ಲ, ಮಾರಾಟ ಮಾತ್ರ.

ತೂಕದ ಕಥೆ ಇನ್ನಷ್ಟು ಸೂಕ್ಷ್ಮ. ಹಬ್ಬದ ಮುನ್ನಾ ದಿನ ಸಿಹಿತಿಂಡಿಯನ್ನು ರಟ್ಟಿನ ಡಬ್ಬಿಯ ಸಮೇತ ತೂಗುವ ಪರಿಪಾಠವನ್ನೇ ನೋಡಿ. ಕಿಲೋಗೆ 600 ರೂಪಾಯಿಯ ಮೈಸೂರು ಪಾಕಿನ ಡಬ್ಬಿ 80 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ, ರಟ್ಟಿಗೇ 48 ರೂಪಾಯಿ ತೆತ್ತಂತಾಯಿತು. ಗ್ರಾಹಕ ಹಣ ಕೊಡಬೇಕಾದದ್ದು ಒಳಗಿನ ಪದಾರ್ಥದ ನಿವ್ವಳ ತೂಕಕ್ಕೆ ಮಾತ್ರ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಇಲಾಖೆಯಿಂದ ಪರೀಕ್ಷಿಸಿ ಮುದ್ರೆ ಹಾಕಿಸಬೇಕೆಂಬ ನಿಯಮವೂ ಇದೆ. ಮುದ್ರೆ ಎಲ್ಲಿ ಎಂದು ಕೇಳುವವರೇ ಕಡಿಮೆ.

ಚಿಲ್ಲರೆಯ ರಗಳೆಯನ್ನು ಮೊಬೈಲ್ ಪಾವತಿ ಬಹುಮಟ್ಟಿಗೆ ತಗ್ಗಿಸಿದೆ. ನಾಣ್ಯ ಕೊಡುವವರ ಪಾಡು ಮಾತ್ರ ಬೇರೆ. 10 ರೂಪಾಯಿ ನಾಣ್ಯ ‘ನಡೆಯುವುದಿಲ್ಲ’ ಎನ್ನುವ ಅಂಗಡಿಗಳಿಗೆ ಉತ್ತರವಾಗಿ, ಚಲಾವಣೆಗೆ ಬಂದ 14 ವಿನ್ಯಾಸಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ.

‘ಒಮ್ಮೆ ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಸಾಲೂ ಅಷ್ಟೇ ಪ್ರಸಿದ್ಧ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಮುಂದೆ ಅದು ನಿಲ್ಲುವುದಿಲ್ಲ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಕಾಣಿಸಿದ ಅವಧಿಯೊಳಗೆ, ಅವಧಿ ಕಾಣಿಸದಿದ್ದಲ್ಲಿ 30 ದಿನಗಳೊಳಗೆ, ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಣ್ಣ ಹಿಡಿಸಲಿಲ್ಲ ಎಂಬ ಕಾರಣಕ್ಕೆ ಈ ಹಕ್ಕು ಅನ್ವಯಿಸದು. ಬೇಳೆಯಲ್ಲಿ ಹುಳು ಕಂಡರೆ ಅನ್ವಯಿಸುತ್ತದೆ. ಬಿಲ್ಲನ್ನೇ ಕೊಡದಿರುವುದೂ ಇದೇ ಪಟ್ಟಿಯಲ್ಲಿದೆ.

ತೊಡಕು ಇರುವುದೇ ಇಲ್ಲಿ. ಬಿಲ್ಲಿಲ್ಲದೆ ಹುಳುವಿದ್ದ ಬೇಳೆ ಆ ಅಂಗಡಿಯದೇ ಎಂದು ತೋರಿಸುವುದು ಹೇಗೆ? ಮೊಬೈಲ್ ಪಾವತಿಯ ದಾಖಲೆ ಹಣ ಸಂದಾಯವಾದದ್ದನ್ನು ಹೇಳುತ್ತದೆ, ಕೊಂಡದ್ದು ಏನೆಂಬುದನ್ನು ಹೇಳುವುದಿಲ್ಲ. ಆದ್ದರಿಂದ ತುಂಡು ಕಾಗದದಲ್ಲಾದರೂ ಸರಕಿನ ಹೆಸರು, ದಿನಾಂಕ ಮತ್ತು ಅಂಗಡಿಯ ಹೆಸರು ಬರೆಸಿಕೊಳ್ಳುವುದು ಲೇಸು.

ಒಂದೆರಡು ರೂಪಾಯಿಗಾಗಿ ಆಯೋಗದ ಮೆಟ್ಟಿಲೇರುವವರು ವಿರಳ. ಬೆಲೆ, ತೂಕಗಳ ದೂರಿಗೆ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆಯ ಕಚೇರಿಯೇ ಸೂಕ್ತ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಕರೆ ಮಾಡಬಹುದು. ಕೆಟ್ಟ ಮಿಕ್ಸರ್, ಹಾಳಾದ ಮೊಬೈಲ್‌ನಂಥ ದೊಡ್ಡ ನಷ್ಟವಾದರೆ ಜಿಲ್ಲಾ ಆಯೋಗವಿದೆ. ಐದು ಲಕ್ಷ ರೂಪಾಯಿಯವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು.

ನಗದು ಕೊಟ್ಟು ಕೊಳ್ಳುವವರು ಬೇಸರವಾದರೆ ಮುಂದಿನ ಬೀದಿಯ ಅಂಗಡಿಗೋ, ಮಾಲಿಗೋ ಹೋಗುತ್ತಾರೆ. ಹತ್ತು ನಿಮಿಷದಲ್ಲಿ ಮನೆಗೇ ಸಾಮಾನು ತರಿಸುತ್ತಾರೆ. ಸಂಬಳದ ದಿನದವರೆಗೆ ಸಾಲದ ಮೇಲೆ ಅಕ್ಕಿ, ಎಣ್ಣೆ ಒಯ್ಯುವ ಮನೆಗೆಲಸದಾಕೆಗೆ, ಗಾರೆ ಕೆಲಸದವನಿಗೆ ಆ ಆಯ್ಕೆ ಇಲ್ಲ. ಕೊಟ್ಟ ತೂಕಕ್ಕೆ, ಹೇಳಿದ ಬೆಲೆಗೆ, ಆಡಿದ ಮಾತಿಗೆ ಅವರು ತಲೆಬಾಗುತ್ತಾರೆ. ಸಾಲದಲ್ಲಿ ಕೊಂಡವರಿಗೆ ಕೇಳುವ ಹಕ್ಕೆಲ್ಲಿಯದು ಎಂಬ ಭಾವನೆ ಅಂಗಡಿಯವರಲ್ಲೂ ಇದೆ, ಅವರಲ್ಲೂ ಇದೆ. ಕಾಯ್ದೆ ಹೇಳುವುದು ಬೇರೆ. ಬೆಲೆಯನ್ನು ಕೊಟ್ಟವರಷ್ಟೇ ಅಲ್ಲ, ಕೊಡುವೆನೆಂದು ಮಾತು ಕೊಟ್ಟು ಕೊಂಡವರೂ ಗ್ರಾಹಕರೇ. ಅವರ ಒಪ್ಪಿಗೆಯಿಂದ ಆ ಸರಕನ್ನು ಬಳಸುವ ಮನೆಮಂದಿಯೂ ಗ್ರಾಹಕರೇ.

ಪುರಾವೆಯ ಮಟ್ಟಿಗೆ ಅವರ ಸ್ಥಿತಿ ನಗದು ಗಿರಾಕಿಗಿಂತ ವಾಸಿಯೂ ಹೌದು. ತಿಂಗಳ ಲೆಕ್ಕಕ್ಕೆಂದು ಅವರ ಕೈಯಲ್ಲಿ ಒಂದು ಪುಟ್ಟ ಪುಸ್ತಕವಿರುತ್ತದೆ. ಅದರಲ್ಲಿ ದಿನಾಂಕ, ಸರಕು, ತೂಕ, ದರ ಎಲ್ಲವನ್ನೂ ಬರೆದಿರುವುದು ಅಂಗಡಿಯವರೇ, ತಮ್ಮದೇ ಕೈಬರಹದಲ್ಲಿ.