ಟೈಲ್ಸ್‌ಗಿಂತ ಮೊದಲು ಅಡುಗೆಮನೆ

ಹಾಲಿನ ಬಟವಾಡೆ ಹಣ ಕೂಡಿಟ್ಟು, ಮೇಲೊಂದಿಷ್ಟು ಸಾಲ ಮಾಡಿ ಹಳೇ ಮನೆ ರಿಪೇರಿಗೆ ಕೈ ಹಾಕಿದ್ದೀರಾ? ನಡುಮನೆಗೆ ಟೈಲ್ಸ್ ಆರಿಸುವ ಮೊದಲು ಒಮ್ಮೆ ಅಡುಗೆಮನೆಯ ಗೋಡೆ ಮುಟ್ಟಿ ನೋಡಿ. ಕೈಗೆ ಹತ್ತಿದ ಆ ಮಸಿಯೇ ದಿನವೂ ನಿಮ್ಮ ಎದೆಗೂ ಇಳಿಯುತ್ತಿದೆ. ಒಲೆ ಮುಂದೆ ನಿಮ್ಮ ಮಡಿಲಲ್ಲಿ ಕೂರುವ ಮಗುವಿನ ಎದೆಗೂ.

ನಾಲ್ಕೈದು ರಾಸು ಇದ್ದರೆ ದಿನಕ್ಕೆ 50 ಕೆ.ಜಿ. ಸಗಣಿ ಸಿಗುತ್ತದೆ. 2 ಘನ ಮೀಟರ್ ಗೋಬರ್ ಗ್ಯಾಸ್ ಸ್ಥಾವರಕ್ಕೆ ಅಷ್ಟು ಸಾಕು, ಐದಾರು ಜನರ ಅಡುಗೆ ಆಗುತ್ತದೆ. ಸಗಣಿಯಷ್ಟೇ ನೀರೂ ಬೇಕು. ಕೊಟ್ಟಿಗೆ ತೊಳೆದ ನೀರಾದರೂ ಆದೀತು, ಆದರೆ ಫಿನಾಯಿಲ್ ಬೆರೆತಿರಬಾರದು. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳೇ ಅದರಿಂದ ಸಾಯುತ್ತವೆ. ಹೊರಬರುವ ಬಗ್ಗಡ ನೇಪಿಯರ್ ಹುಲ್ಲಿಗೆ ಒಳ್ಳೆಯ ಗೊಬ್ಬರ.

ಸ್ಥಾವರಕ್ಕೆ ಕೊಟ್ಟಿಗೆ ಮತ್ತು ಅಡುಗೆಮನೆಯ ನಡುವೆ, ಬಿಸಿಲು ಬೀಳುವ ಜಾಗ ನೋಡಿ. ಬಾವಿಯಿಂದ 15 ಮೀಟರ್ ದೂರವಿರಲಿ, ದೊಡ್ಡ ಮರದ ಬೇರು ಹತ್ತಿರ ಬೇಡ. ಇದನ್ನು ಕೆಲಸ ಶುರುವಾಗುವ ದಿನವೇ ಮೇಸ್ತ್ರಿಗೆ ಹೇಳಿ. (ಬಾಗಿಲ ದಿಕ್ಕಿಗೆ ನಾಲ್ಕು ಜನರನ್ನು ಕೇಳುತ್ತೇವೆ, ಹೊಗೆ ಹೋಗುವ ದಿಕ್ಕನ್ನು ಯಾರೂ ಕೇಳುವುದಿಲ್ಲ!) ಗಾರೆ ಒಣಗಿದ ಮೇಲೆ ಪೈಪಿಗಾಗಿ ಗೋಡೆ ಕೊರೆಸುವುದು ದಂಡದ ಖರ್ಚು.

ಒಂದೇ ಹಸು ಇದೆಯೇ? ಹಾಗಾದರೆ ಅಸ್ತ್ರ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ್ದು ಇದು. ಮೂರು ಪಾತ್ರೆ ಒಟ್ಟಿಗೆ ಕೂರುತ್ತವೆ, ಸೌದೆ ಉಳಿಯುತ್ತದೆ, ಹೊಗೆ ಕೊಳವೆಯಲ್ಲಿ ಹೊರಹೋಗುತ್ತದೆ. ಕೊಳವೆಯ ಮಸಿಯನ್ನು ಆಗಾಗ ಕೆರೆದು ತೆಗೆಯಿರಿ, ಕಟ್ಟಿಕೊಂಡರೆ ಹೊಗೆ ಮತ್ತೆ ಒಳಕ್ಕೇ ಬರುತ್ತದೆ.

ಗೋಬರ್ ಗ್ಯಾಸ್‌ಗೆ ಸಹಾಯಧನ ಉಂಟೇ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಮಂಜೂರಾತಿ ಕೈಗೆ ಬರುವವರೆಗೆ ಗುಂಡಿ ತೋಡಿಸಬೇಡಿ.