ಅವಧಿಗೆ ಮುನ್ನ ವಿಶ್ರಾಂತಿ: ಗೃಹಿಣಿಯ ಪಾಲೇನು?

ಐವತ್ತರ ಆಸುಪಾಸಿನಲ್ಲಿಯೇ ನೌಕರಿಗೆ ನಮಸ್ಕಾರ ಹೇಳಿ, ಕೂಡಿಟ್ಟ ಹಣದಲ್ಲಿಯೋ ಬರುವ ಅಲ್ಪ ವಿಶ್ರಾಂತಿವೇತನದಲ್ಲಿಯೋ ಗಂಡಹೆಂಡಿರಿಬ್ಬರೂ ಮಿತವಾಗಿ ಜೀವಿಸಬೇಕೆಂಬ ಹಂಬಲವು ನಮ್ಮ ಪಟ್ಟಣಗಳ ವಿದ್ಯಾವಂತರಲ್ಲಿ ಈಚೆಗೆ ಹೆಚ್ಚುತ್ತಿರುವಂತೆ ಕಾಣುತ್ತದೆ. ಇದನ್ನು ಆಲಸ್ಯವೆಂದು ಹಳಿಯುವವರ ಪಕ್ಷಕ್ಕೆ ನಾವು ಸೇರಿದವರಲ್ಲ. ಇಪ್ಪತ್ತೈದು ಮೂವತ್ತು ವರ್ಷ ಕಡತಗಳ ನಡುವೆ ಬಾಳಿದವನು ಉಳಿದ ಆಯುಸ್ಸನ್ನು ತನ್ನದಾಗಿಸಿಕೊಳ್ಳಲು ಬಯಸಿದರೆ ತಪ್ಪೇನು? ಆಸೆಗಳನ್ನು ಬೆಳೆಸಿ ಅವುಗಳ ಹಿಂದೆ ಓಡುವುದನ್ನೇ ಏಳಿಗೆಯೆಂದು ಎಣಿಸುವ ಕಾಲದಲ್ಲಿ ‘ಸಾಕು’ ಎನ್ನಬಲ್ಲವರು ನಾಲ್ಕು ಮಂದಿಯಿರುವುದು ದೇಶಕ್ಕೂ ಹಿತವೇ. ಆದರೆ ಈ ವಿಷಯವಾಗಿ ನಡೆಯುವ ಮಾತುಕತೆಯನ್ನು ಕೇಳುವಾಗಲೆಲ್ಲ ಒಂದು ಸಂದೇಹವು ನಮ್ಮನ್ನು ಬಾಧಿಸುತ್ತದೆ. ಮಾತನಾಡುವವನು ಬಹುಮಟ್ಟಿಗೆ ಪುರುಷನೇ. ವಿಶ್ರಾಂತಿಯು ಅವನದು, ಮಿತವ್ಯಯವು ಯಾರದು?

ನಮ್ಮ ಹಿರಿಯರಿಗೆ ಈ ಯೋಚನೆ ಹೊಸದಲ್ಲ. ಮೈಯಲ್ಲಿ ಸುಕ್ಕು, ತಲೆಯಲ್ಲಿ ನರೆ, ಮನೆಯಲ್ಲಿ ಮೊಮ್ಮಗು, ಇವನ್ನು ಕಂಡ ಗೃಹಸ್ಥನು ವಾನಪ್ರಸ್ಥಕ್ಕೆ ಹೊರಡತಕ್ಕದ್ದೆಂದೂ, ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿಯೋ ಜೊತೆಯಲ್ಲಿ ಕರೆದುಕೊಂಡೋ ಹೋಗಬೇಕೆಂದೂ ಮನುಸ್ಮೃತಿಯು ವಿಧಿಸುತ್ತದೆ. ಇಂದು ಐವತ್ತಕ್ಕೆ ಹೊರಡುವವನಿಗೆ ಮೊಮ್ಮಗುವಿನ ಮಾತಿರಲಿ, ಮಗನೇ ಇನ್ನೂ ಇಂಜಿನಿಯರಿಂಗ್ ಕಾಲೇಜಿನಲ್ಲಿರುತ್ತಾನೆ. ಅದು ಹಾಗಿರಲಿ, ಒಪ್ಪಿಸುವುದು, ಕರೆದೊಯ್ಯುವುದು ಎಂಬ ಎರಡು ದಾರಿಗಳಲ್ಲಿ ಆರಿಸಿಕೊಳ್ಳುವವನು ಗಂಡನೇ ಎಂಬುದನ್ನು ಗಮನಿಸಬೇಕು. ಬೃಹದಾರಣ್ಯಕದ ಯಾಜ್ಞವಲ್ಕ್ಯನು ಮನೆ ಬಿಡುವ ಮುನ್ನ ಇಬ್ಬರು ಪತ್ನಿಯರಿಗೂ ಆಸ್ತಿಯ ಏರ್ಪಾಟು ಮಾಡಲು ಮುಂದಾದುದು ಅವನಿಗೆ ಭೂಷಣ. ಮೈತ್ರೇಯಿಯು ಕೇಳಿದ ಪ್ರಶ್ನೆಯಿಂದ ಒಂದು ಮಹಾಸಂವಾದವೇ ಹುಟ್ಟಿತು. ಕಾತ್ಯಾಯನಿಯು ಏನೆಂದಳೆಂಬುದನ್ನು ಮಾತ್ರ ಉಪನಿಷತ್ತು ಹೇಳುವುದಿಲ್ಲ. ನಮ್ಮ ಬಹುಪಾಲು ಮನೆಗಳಲ್ಲಿ ಇರುವವಳು ಕಾತ್ಯಾಯನಿ.

ಮಿತವ್ಯಯವು ಕಾಗದದ ಮೇಲೆ ಬಹು ಸುಲಭ. ಆದಾಯವು ಅರ್ಧವಾದೊಡನೆ ಮೊದಲು ಬಿಡಿಸುವುದು ಪಾತ್ರೆ ತೊಳೆಯುವವಳನ್ನು. ಹೋಟೆಲಿನ ತಿಂಡಿ ನಿಲ್ಲುತ್ತದೆ. ಅಂಗಡಿಯಿಂದ ಬರುತ್ತಿದ್ದ ಸಾರಿನ ಪುಡಿ, ಹಪ್ಪಳ, ಉಪ್ಪಿನಕಾಯಿಗಳು ಇನ್ನು ಮನೆಯಲ್ಲಿಯೇ ಆಗತಕ್ಕವೆಂದು ತೀರ್ಮಾನವಾಗುತ್ತದೆ. ಹೀಗೆ ಉಳಿದ ಒಂದೊಂದು ರೂಪಾಯಿಯೂ ಒಬ್ಬರ ಕೈಯ ದುಡಿಮೆಯಾಗಿ ಮಾರ್ಪಡುತ್ತದೆ. ಆ ಕೈ ಯಾರದೆಂದು ಹೇಳಬೇಕಾದುದಿಲ್ಲ. ಯಜಮಾನರು ಕಚೇರಿಗೆ ಹೋಗುತ್ತಿದ್ದಾಗ ಎರಡಾವರ್ತಿ ಆಗುತ್ತಿದ್ದ ಕಾಫಿಯು ಈಗ ನಾಲ್ಕಾವರ್ತಿಯಾಗುತ್ತದೆ. ಭಾರತ ಸರ್ಕಾರವು 2024ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಸ್ತ್ರೀಯರು ದಿನಕ್ಕೆ 289 ನಿಮಿಷಗಳನ್ನೂ ಪುರುಷರು 88 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಾರೆ. ಈ ಐದು ಗಂಟೆಗಳ ಚಾಕರಿಗೆ ನಿವೃತ್ತಿಯ ವಯಸ್ಸನ್ನು ಯಾವ ಸರ್ಕಾರವೂ ಗೊತ್ತುಮಾಡಿಲ್ಲ. ಹೆಂಡತಿಯೂ ನೌಕರಿಯಲ್ಲಿದ್ದರೆ ಈ ಭಾರವು ತಗ್ಗುವುದೆಂದು ಕೆಲವರು ಹೇಳಬಹುದು. ಅಂತಹ ಮನೆಗಳನ್ನು ಬಲ್ಲವರು ಹಾಗೆ ಹೇಳಲಾರರು.

ಸರಳ ಜೀವನದ ಮಾತು ಬಂದಾಗ ಗಾಂಧೀಜಿಯವರ ಹೆಸರನ್ನು ಎತ್ತದವರಿಲ್ಲ. ಹಾಗೆ ಎತ್ತುವವರು 1901ರ ಪ್ರಸಂಗವನ್ನೂ ನೆನೆಯುವುದು ಉಚಿತ. ದಕ್ಷಿಣ ಆಫ್ರಿಕದಿಂದ ಸ್ವದೇಶಕ್ಕೆ ಹೊರಟಾಗ ಜನರು ಕೊಟ್ಟ ಕಾಣಿಕೆಗಳಲ್ಲಿ ಕಸ್ತೂರಬಾ ಅವರಿಗಾಗಿ ಐವತ್ತು ಗಿನಿ ಬೆಲೆಯ ಚಿನ್ನದ ಹಾರವೂ ಇತ್ತು. ಎಲ್ಲವನ್ನೂ ಸಾರ್ವಜನಿಕ ಕಾರ್ಯಕ್ಕೆ ಬಿಟ್ಟುಕೊಡುವ ಸಂಕಲ್ಪವನ್ನು ಗಾಂಧೀಜಿ ಒಬ್ಬರೇ ಮಾಡಿದರು. ಮಕ್ಕಳನ್ನು ಮೊದಲು ಒಪ್ಪಿಸಿ ಆಮೇಲೆ ಪತ್ನಿಯ ಬಳಿಗೆ ಹೋದರು. ಆ ತಾಯಿಯು ಸುಮ್ಮನೆ ತಲೆಬಾಗಲಿಲ್ಲ. ಮುಂದೆ ಬರುವ ಸೊಸೆಯರ ಗತಿಯೇನೆಂದರು. ಪತಿಯು ಮಾಡಿದ ಸೇವೆಯ ಹಿಂದೆ ಹಗಲಿರುಳು ದುಡಿದ ತಮ್ಮ ಸೇವೆಯೂ ಇದೆ, ಅದು ಲೆಕ್ಕಕ್ಕಿಲ್ಲವೇ ಎಂದು ಕೇಳಿದರು. ಮಾತು ನಾಟಿತೆಂದೂ, ಆದರೂ ಹೇಗೋ ಒಪ್ಪಿಗೆಯನ್ನು ಪಡೆದೆನೆಂದೂ ಮಹಾತ್ಮರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಾಗೆ ಬರೆಯುವ ಸತ್ಯನಿಷ್ಠೆ ಅವರಿಗಿತ್ತು. ಅವರನ್ನು ಅನುಕರಿಸುವ ನಮ್ಮ ಗೃಹಸ್ಥರಲ್ಲಿ ಎಷ್ಟು ಮಂದಿ ಆ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದಾರೆ?

ಇಬ್ಬರೂ ಸಮನಾಗಿ ಹೊತ್ತ ಉದಾಹರಣೆಯೂ ಇಲ್ಲದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಕಾಟ್ ನಿಯರಿಂಗ್ ಎಂಬವರೂ, ಯೌವನದಲ್ಲಿ ಜಿಡ್ಡು ಕೃಷ್ಣಮೂರ್ತಿಯವರ ಆಪ್ತವರ್ಗದಲ್ಲಿದ್ದ ಹೆಲೆನ್ ಎಂಬವರೂ 1932ರಲ್ಲಿ ನಗರವನ್ನು ತೊರೆದು ವರ್ಮಾಂಟ್ ಸಂಸ್ಥಾನದ ಬೆಟ್ಟಗಾಡಿನಲ್ಲಿ ಹಳೆಯ ಹೊಲವೊಂದನ್ನು ಕೊಂಡು ನೆಲಸಿದರು. ದಿನಕ್ಕೆ ನಾಲ್ಕು ಗಂಟೆ ಅನ್ನಕ್ಕಾಗಿ ದುಡಿಮೆ, ನಾಲ್ಕು ಗಂಟೆ ಓದುಬರಹ ಸಂಗೀತಾದಿಗಳು ಎಂಬುದು ಅವರ ಕ್ರಮ. ಮೇಪಲ್ ಮರದ ರಸವನ್ನು ಕಾಯಿಸಿ ಪಾಕಮಾಡಿ ಮಾರಿ ಕೈಗೆ ಬೇಕಾದಷ್ಟು ಕಾಸನ್ನು ಸಂಪಾದಿಸಿದರು. ಮನೆಯನ್ನು ತಾವೇ ಕಲ್ಲಿನಿಂದ ಕಟ್ಟಿದರು. ಅದರಲ್ಲಿ ಹೆಲೆನರ ಕೈಯೂ ಸ್ಕಾಟರ ಕೈಯಷ್ಟೇ ಇತ್ತು. ನಮಗೆ ಇದೆಲ್ಲಕ್ಕಿಂತ ಮುಖ್ಯವಾಗಿ ತೋರುವುದು ಅವರ ಅಡಿಗೆಮನೆ. ಹಸಿ ತರಕಾರಿ, ಹಣ್ಣು, ಬೇಯಿಸಿದ ಕಾಳು, ಇಷ್ಟರಲ್ಲಿ ಊಟ ಮುಗಿಯುತ್ತಿತ್ತು. ಒಲೆಯ ಮುಂದೆ ಹೊತ್ತು ಕಳೆಯಲು ಹೆಲೆನರಿಗೆ ಇಷ್ಟವಿರಲಿಲ್ಲ, ಕಳೆಯಲೂ ಇಲ್ಲ. ಅಂದರೆ ಮಿತವ್ಯಯವು ಅಲ್ಲಿ ಗಂಡಸಿನ ನಾಲಗೆಯಿಂದ ಪ್ರಾರಂಭವಾಯಿತು. ಎರಡು ಬಗೆಯ ಪಲ್ಯವಿಲ್ಲದೆ ಎಲೆಯ ಮುಂದೆ ಕೂರದ ನಮ್ಮ ಮಹನೀಯರು ಇದನ್ನು ಪರ್ಯಾಲೋಚಿಸಲಿ. ಅವರ ಮನೆಯಲ್ಲಿ ಸಾಕಬೇಕಾದ ಸಣ್ಣ ಮಕ್ಕಳಿರಲಿಲ್ಲವೆಂಬುದನ್ನೂ ಮರೆಯಲಾಗದು.

ಸ್ಕಾಟರು 1983ರಲ್ಲಿ ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಹೆಲೆನರು ಆ ಬಳಿಕ 1995ರವರೆಗೆ ಬದುಕಿದರು. ನಮ್ಮಲ್ಲಿಯೂ ವಧುವು ವರನಿಗಿಂತ ಚಿಕ್ಕವಳಾಗಿರುವುದೇ ರೂಢಿಯಾದುದರಿಂದ, ಕೊನೆಯ ಹತ್ತು ಹನ್ನೆರಡು ವರ್ಷಗಳನ್ನು ಒಂಟಿಯಾಗಿ ಕಳೆಯಬೇಕಾದವಳು ಪ್ರಾಯಶಃ ಅವಳೇ. ನಮ್ಮ ನೌಕರಬಂಧುಗಳ ಲೆಕ್ಕಾಚಾರದಲ್ಲಿ ಈ ವರ್ಷಗಳೇ ಬಿಟ್ಟುಹೋಗುತ್ತವೆ.

ಕೇಂದ್ರ ಸರ್ಕಾರದ ನಿಯಮವನ್ನೇ ನೋಡೋಣ. 20 ವರ್ಷ ಸೇವೆ ಸಲ್ಲಿಸಿದವನು ಮೂರು ತಿಂಗಳ ನೋಟೀಸು ಕೊಟ್ಟು ಸ್ವಇಚ್ಛೆಯಿಂದ ನಿವೃತ್ತನಾಗಬಹುದು. ಹಳೆಯ ಪದ್ಧತಿಗೆ ಸೇರಿದವನ ಕೊನೆಯ ಮೂಲವೇತನವು 60,000 ರೂಪಾಯಿಯಾಗಿದ್ದರೆ ಪಿಂಚಣಿಯು ಅದರ ಅರ್ಧ, 30,000. ಅವನು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಕಾಲವಾದನೆನ್ನಿ; ವಿಧವೆಗೆ ಸಲ್ಲುವ ಕುಟುಂಬ ಪಿಂಚಣಿಯು ಕೊನೆಯ ವೇತನದ ನೂರಕ್ಕೆ ಮೂವತ್ತು, ಎಂದರೆ 18,000. ಎರಡಕ್ಕೂ ತುಟ್ಟಿಭತ್ಯೆ ಸೇರುವುದು ನಿಜ. ಆದರೆ ಬಾಡಿಗೆಯೂ ದೀಪದ ಖರ್ಚೂ ಒಬ್ಬರಾದರೆಂದು ಅರ್ಧಕ್ಕೆ ಇಳಿಯುವುದಿಲ್ಲ. ಅರವತ್ತರವರೆಗೆ ದುಡಿದಿದ್ದರೆ ಕೊನೆಯ ವೇತನವೇ ಹೆಚ್ಚಿರುತ್ತಿತ್ತು. ಆದ್ದರಿಂದ ಗಂಡನು ಕೊಂಡ ಹತ್ತು ವರ್ಷಗಳ ವಿರಾಮದ ಬೆಲೆಯನ್ನು ವಿಧವೆಯು ಸಾಯುವವರೆಗೂ ಕಟ್ಟುತ್ತಾಳೆ. 2004ರ ಜನವರಿ 1ರಿಂದ ಈಚೆಗೆ ಕೇಂದ್ರದ, 2006ರ ಏಪ್ರಿಲ್ 1ರಿಂದ ಈಚೆಗೆ ಕರ್ನಾಟಕದ ನೌಕರಿಗೆ ಸೇರಿದವರಿಗೆ ಸಾಮಾನ್ಯವಾಗಿ ಈ ಹಳೆಯ ಪದ್ಧತಿಯ ಆಸರೆಯೂ ಇಲ್ಲ. ಖಾಸಗಿ ನೌಕರರಂತೂ ಕೂಡಿಟ್ಟ ಗಂಟನ್ನೇ ನಂಬಬೇಕು. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಇಮ್ಮಡಿಯಾಗುತ್ತವೆ. ಇಂದು ನಲವತ್ತೈದರ ಗೃಹಿಣಿಯು ಎಂಬತ್ತೊಂದನ್ನು ಕಂಡರೆ, ಇಂದಿನ ಐವತ್ತು ರೂಪಾಯಿಯ ಹಾಲಿಗೆ ಅವಳು ನಾನೂರು ರೂಪಾಯಿ ಕೊಡಬೇಕಾದೀತು.

ಪಿಂಚಣಿಯ ಕಾಗದಗಳೊಡನೆ ದಂಪತಿಗಳ ಜಂಟಿ ಭಾವಚಿತ್ರವನ್ನು ಸರ್ಕಾರವು ಕೇಳುತ್ತದೆ. ಹೆಂಡತಿಯ ಅಭಿಪ್ರಾಯವನ್ನು ಕೇಳುವುದಿಲ್ಲ. ಅದು ಸರ್ಕಾರದ ಕೆಲಸವೂ ಅಲ್ಲ. ನಿವೃತ್ತಿಯನ್ನು ಬಯಸುವ ಮಹಾಶಯರಿಗೆ ನಮ್ಮ ಸೂಚನೆ ಇಷ್ಟೇ: ನೋಟೀಸು ಕೊಡುವುದಕ್ಕೆ ಮುಂಚೆ ಆರು ತಿಂಗಳ ಕಾಲ ಮುಂದಿನ ಆದಾಯವೆಷ್ಟೋ ಅಷ್ಟರಲ್ಲಿಯೇ ಮನೆ ನಡೆಯಲಿ, ಜಮಾಖರ್ಚಿನ ಪುಸ್ತಕವು ಗೃಹಿಣಿಯ ಕೈಯಲ್ಲಿರಲಿ, ಪಾತ್ರೆ ತೊಳೆಯುವವಳನ್ನು ಬಿಡಿಸುವುದಾದರೆ ಆ ಕೆಲಸವನ್ನು ಯಜಮಾನರೇ ವಹಿಸಿಕೊಳ್ಳಲಿ. ಆ ಬಳಿಕ ಅವಳು ಬೇಡವೆಂದರೆ ಕಚೇರಿಯ ಕುರ್ಚಿಯು ಇನ್ನೂ ಅಲ್ಲಿಯೇ ಇರುತ್ತದೆ. ಒಮ್ಮೆ ಕೊಟ್ಟ ನೋಟೀಸನ್ನಾದರೋ, ಅವಧಿ ಮುಗಿಯುವುದರೊಳಗಾಗಿ ಮೇಲಧಿಕಾರಿಗಳ ವಿಶೇಷ ಅನುಮತಿಯಿಲ್ಲದೆ ಹಿಂದಕ್ಕೆ ಪಡೆಯುವಂತಿಲ್ಲ.